ಟಿಬಿ ಚಿಕಿತ್ಸೆಯ ನಡುವೆ ಆರೋಗ್ಯ ಕೆಟ್ಟರೆ: ಅದು ಮಾತ್ರೆಯ ಅಡ್ಡಪರಿಣಾಮವೋ, ರೋಗದ ತಾತ್ಕಾಲಿಕ ಉಲ್ಬಣವೋ? (ಪದೇ ಪದೇ ಕೇಳುವ ಪ್ರಶ್ನೆಗಳು)

ಕ್ಷಯರೋಗಕ್ಕೆ ಮಾತ್ರೆ ಶುರುವಾದ ಮೇಲೆ ದಿನೇ ದಿನೇ ಗುಣವಾಗುತ್ತಾ ಹೋಗಬೇಕೆಂದು ರೋಗಿಯೂ ಮನೆಯವರೂ ನಿರೀಕ್ಷಿಸುತ್ತಾರೆ. ಬಹುಪಾಲು ಜನರಿಗೆ ಹಾಗೆಯೇ ಆಗುತ್ತದೆ. ಆದರೆ ಕೆಲವರಲ್ಲಿ ಇಳಿದಿದ್ದ ಜ್ವರ ಮರಳಿ ಬರುತ್ತದೆ, ಕುತ್ತಿಗೆಯ ಗಂಟು ಮೊದಲಿಗಿಂತ ದೊಡ್ಡದಾಗುತ್ತದೆ, ಇಲ್ಲವೇ ವಾಂತಿ, ಕೀಲುನೋವು, ತುರಿಕೆ ಶುರುವಾಗುತ್ತದೆ. ಆಗ ಮನೆಯಲ್ಲಿ ‘ಈ ಮಾತ್ರೆ ಬಹಳ ಹೀಟು, ನಿಲ್ಲಿಸಿಬಿಡು’ ಎನ್ನುವವರೂ ಇರುತ್ತಾರೆ, ‘ರೋಗ ಹೊರಗೆ ಹೋಗುತ್ತಿದೆ, ಸ್ವಲ್ಪ ತಡೆದುಕೋ’ ಎನ್ನುವವರೂ ಇರುತ್ತಾರೆ. ಏನಾಗುತ್ತಿದೆ ಎಂದು ಯಾರೂ ಪರೀಕ್ಷಿಸದೆ ಇವೆರಡರಲ್ಲಿ ಯಾವ ಮಾತನ್ನು ಪಾಲಿಸಿದರೂ ಜೀವಕ್ಕೆ ಅಪಾಯವಾಗಬಹುದು. ಈ ಪುಟದಲ್ಲಿರುವ ಉತ್ತರಗಳು ವೈದ್ಯರ ತಪಾಸಣೆಗೆ ಬದಲಿಯಲ್ಲ. ತಪಾಸಣೆಗೆ ಯಾವಾಗ ಹೋಗಬೇಕು, ಅಲ್ಲಿ ಏನು ಹೇಳಬೇಕು ಎಂಬುದನ್ನು ತಿಳಿಸುವುದಕ್ಕಾಗಿ ಬರೆದವು.

ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ ಕಾಯಿಲೆ ಹೆಚ್ಚಾಗುವುದು ನಿಜಕ್ಕೂ ಉಂಟೇ?

ಉಂಟು. ರೋಗಿ ಸರಿಯಾದ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದು, ಮೊದಲು ಗುಣ ಕಂಡು, ಆಮೇಲೆ ಹಳೆಯ ಗಂಟು ದೊಡ್ಡದಾಗುವುದು ಅಥವಾ ಹೊಸ ಗಂಟು ಏಳುವುದು, ಎದೆಯ ಪೊರೆಯಲ್ಲಿ ನೀರು ಹೆಚ್ಚಾಗುವುದು, ಜ್ವರ ಮರುಕಳಿಸುವುದು, ಇವಕ್ಕೆ ಬೇರೆ ಯಾವ ಕಾರಣವೂ ಸಿಗದಿದ್ದರೆ ವೈದ್ಯರು ಅದನ್ನು ಪ್ಯಾರಡಾಕ್ಸಿಕಲ್ ರಿಯಾಕ್ಷನ್, ಅಂದರೆ ತಾತ್ಕಾಲಿಕ ಉಲ್ಬಣ ಎಂದು ಕರೆಯುತ್ತಾರೆ. ಶ್ವಾಸಕೋಶದ ಟಿಬಿಗಿಂತ ಗಂಟಿನ ಟಿಬಿಯಲ್ಲಿ ಇದು ಹೆಚ್ಚು. ಎಚ್‌ಐವಿ ಇಲ್ಲದ ಗಂಟಿನ ಟಿಬಿ ರೋಗಿಗಳಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗಬಹುದು. ಸಾಮಾನ್ಯವಾಗಿ ಚಿಕಿತ್ಸೆಯ ಮೂರನೇ ವಾರದಿಂದ ನಾಲ್ಕನೇ ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ.

‘ಬೇರೆ ಯಾವ ಕಾರಣವೂ ಸಿಗದಿದ್ದರೆ’ ಎಂಬ ಷರತ್ತು ಇಲ್ಲಿ ಬಹಳ ಮುಖ್ಯ. ತಾತ್ಕಾಲಿಕ ಉಲ್ಬಣ ಎಂಬುದು ಉಳಿದ ಸಾಧ್ಯತೆಗಳನ್ನೆಲ್ಲ ಪರೀಕ್ಷಿಸಿ ಬದಿಗಿಟ್ಟ ಮೇಲೆ ವೈದ್ಯರು ಕೊನೆಯಲ್ಲಿ ತಲುಪುವ ತೀರ್ಮಾನ. ಅದನ್ನು ಮನೆಯಲ್ಲಿ ಕುಳಿತು ಮೊದಲೇ ಊಹಿಸಿಕೊಳ್ಳುವಂತಿಲ್ಲ.

ಕ್ರಿಮಿ ಸಾಯುತ್ತಿರುವಾಗ ದೇಹಕ್ಕೆ ತೊಂದರೆ ಹೆಚ್ಚಾಗುವುದೇಕೆ?

ಟಿಬಿ ಬ್ಯಾಕ್ಟೀರಿಯಾದ ಹೊರಪದರದಲ್ಲಿ ಮೇಣದಂಥ ಕೊಬ್ಬಿನ ವಸ್ತುಗಳು ಹೇರಳವಾಗಿವೆ. ಔಷಧದಿಂದ ಬ್ಯಾಕ್ಟೀರಿಯಾ ಸತ್ತು ಒಡೆದಾಗ ಈ ವಸ್ತುಗಳು ಸುತ್ತಲಿನ ಅಂಗಾಂಶದಲ್ಲಿ ಹರಡುತ್ತವೆ. ಜೊತೆಗೆ, ಕಾಯಿಲೆಯಿಂದ ಸೊರಗಿ ಸುಮ್ಮನಿದ್ದ ರೋಗನಿರೋಧಕ ಶಕ್ತಿ ಚಿಕಿತ್ಸೆಯ ಬಲದಿಂದ ಚೇತರಿಸಿಕೊಂಡು, ಸತ್ತ ಬ್ಯಾಕ್ಟೀರಿಯಾದ ಅವಶೇಷಗಳ ಮೇಲೂ ಮುಗಿಬೀಳುತ್ತದೆ. ಊತ, ನೋವು, ಕೀವು, ಜ್ವರ ಎಲ್ಲವೂ ಆ ಪ್ರತಿಕ್ರಿಯೆಯ ಫಲ. ಆದ್ದರಿಂದಲೇ ಉಲ್ಬಣವು ಸಾಮಾನ್ಯವಾಗಿ ರೋಗವಿದ್ದ ಜಾಗದಲ್ಲಿ ಅಥವಾ ಅದರ ನೆರೆಯಲ್ಲಿ ಕಾಣುತ್ತದೆ. ಔಷಧದ ಅಡ್ಡಪರಿಣಾಮ ಹಾಗಲ್ಲ. ಅದು ಟಿಬಿ ಎಂದೂ ಮುಟ್ಟದಿದ್ದ ಯಕೃತ್ತು, ಕಣ್ಣು, ಚರ್ಮ, ಕೀಲು, ಪಾದಗಳ ನರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳು ಸುಲಭವಾಗಿ ಅರ್ಥವಾಗುತ್ತವೆ.

ಯಾವ ಮಾತ್ರೆಯಿಂದ ಏನಾಗಬಹುದು?

ಸಾಮಾನ್ಯ ಔಷಧಗಳಿಗೆ ಬಗ್ಗುವ ಟಿಬಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ಮೊದಲ ಎರಡು ತಿಂಗಳು ನಾಲ್ಕು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಡುತ್ತಾರೆ: ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಾಜಿನಮೈಡ್ 400 ಮತ್ತು ಎಥಾಂಬುಟಾಲ್ 275 ಮಿಲಿಗ್ರಾಂ. ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ ನಿಂತಿದೆ. 50ರಿಂದ 64 ಕೆಜಿ ತೂಕದ ವಯಸ್ಕರಿಗೆ ದಿನಕ್ಕೆ 4. ನಂತರದ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು ಮುಂದುವರಿಯುತ್ತವೆ.

ಪೈರಾಜಿನಮೈಡ್ ರಕ್ತದಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸುವುದರಿಂದ ಭುಜ, ಮಂಡಿ, ಬೆರಳಿನ ಕೀಲುಗಳಲ್ಲಿ ನೋವು ಬರುವುದುಂಟು. ಇದು ತ್ರಾಸದಾಯಕವಾದರೂ ಸಾಮಾನ್ಯವಾಗಿ ನೋವಿನ ಮಾತ್ರೆಗೆ ತಗ್ಗುತ್ತದೆ, ಎರಡು ತಿಂಗಳು ಮುಗಿದ ಮೇಲೆ ಹೊರಟುಹೋಗುತ್ತದೆ. ಐಸೋನಿಯಾಜಿಡ್ ದೇಹದಲ್ಲಿ ಬಿ6 ಜೀವಸತ್ವದ ಕೊರತೆಯನ್ನು ಉಂಟುಮಾಡಿ ಅಂಗಾಲುಗಳಲ್ಲಿ ಜೋಮು, ಉರಿ, ಸೂಜಿ ಚುಚ್ಚಿದ ಅನುಭವ ತರಬಹುದು. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಮದ್ಯಪಾನ ಮಾಡುವವರು, ಪೌಷ್ಟಿಕಾಂಶದ ಕೊರತೆಯಿರುವವರು ಇದಕ್ಕೆ ಬೇಗ ತುತ್ತಾಗುತ್ತಾರೆ. ಇದನ್ನು ತಡೆಯಲೆಂದೇ ಪಿರಿಡಾಕ್ಸಿನ್ ಎಂಬ ಬಿ6 ಮಾತ್ರೆಯನ್ನು ಜೊತೆಗೆ ಕೊಡುತ್ತಾರೆ. ‘ಅದು ಬರೀ ವಿಟಮಿನ್’ ಎಂದು ಅದನ್ನು ಮಾತ್ರ ಬಿಡುವವರನ್ನು ನೋಡಿದರೆ ಸಂಕಟವಾಗುತ್ತದೆ, ಏಕೆಂದರೆ ನರಗಳ ಈ ತೊಂದರೆಯನ್ನು ಬರದಂತೆ ತಡೆಯುವುದು ಎಷ್ಟು ಸುಲಭವೋ ಬಂದ ಮೇಲೆ ಹೋಗಲಾಡಿಸುವುದು ಅಷ್ಟೇ ನಿಧಾನ.

ಎಥಾಂಬುಟಾಲ್ ಅಪರೂಪಕ್ಕೆ ಕಣ್ಣಿನ ನರಕ್ಕೆ ಹಾನಿ ಮಾಡುತ್ತದೆ. ಸಾಮಾನ್ಯವಾಗಿ ಒಂದು ತಿಂಗಳು ಕಳೆದ ಮೇಲೆ ನಿಧಾನವಾಗಿ, ನೋವಿಲ್ಲದೆ ಶುರುವಾಗುವ ಈ ಹಾನಿಯಲ್ಲಿ ದೃಷ್ಟಿ ಮಸುಕಾಗುವುದಷ್ಟೇ ಅಲ್ಲ, ಕೆಂಪು ಮತ್ತು ಹಸಿರು ಬಣ್ಣಗಳು ಕಳೆಗುಂದುತ್ತವೆ. ಮನೆಯಲ್ಲೇ ಗಮನಿಸುವುದಾದರೆ, ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರದ ಕೆಂಪು ಅಂಕಿಗಳನ್ನು ಒಂದೊಂದೇ ಕಣ್ಣು ಮುಚ್ಚಿ ವಾರಕ್ಕೊಮ್ಮೆ ನೋಡಬಹುದು. ಕೆಂಪು ಒಂದು ಕಣ್ಣಿಗೆ ಇಟ್ಟಿಗೆ ಬಣ್ಣದಂತೆ ಮಂಕಾಗಿ ಕಂಡರೆ, ಅಥವಾ ಹಿಂದಿನ ವಾರ ಓದಲಾಗುತ್ತಿದ್ದ ಸಣ್ಣಕ್ಷರ ಈಗ ಓದಲಾಗದಿದ್ದರೆ, ಮುಂದಿನ ಮಾತ್ರೆಯನ್ನು ನುಂಗುವ ಮೊದಲೇ ವೈದ್ಯರಿಗೆ ತೋರಿಸಬೇಕು. ಬೇಗ ಗುರುತಿಸಿ ನಿಲ್ಲಿಸಿದರೆ ದೃಷ್ಟಿ ಮರಳುವ ಸಾಧ್ಯತೆ ಹೆಚ್ಚು. ತಡವಾದರೆ ಹಾನಿ ಶಾಶ್ವತವಾಗಿ ಉಳಿಯಬಹುದು.

ಯಕೃತ್ತಿನ ತೊಂದರೆಗೆ ಪೈರಾಜಿನಮೈಡ್, ಐಸೋನಿಯಾಜಿಡ್, ರಿಫಾಂಪಿಸಿನ್ ಮೂರೂ ಕಾರಣವಾಗಬಲ್ಲವು. ಅದಕ್ಕೆ ಪ್ರತ್ಯೇಕ ಉತ್ತರವೇ ಬೇಕು.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಕಾಮಾಲೆ ಬಂತೇ?

ಬಹುತೇಕ ಇಲ್ಲ. ರಿಫಾಂಪಿಸಿನ್ ಸ್ವತಃ ಕೆಂಪು ಬಣ್ಣದ ಔಷಧ. ನುಂಗಿದ ಕೆಲವು ಗಂಟೆಗಳವರೆಗೆ ಮೂತ್ರ, ಬೆವರು, ಕಣ್ಣೀರು ಕೂಡ ಕಿತ್ತಳೆ ಕೆಂಪಾಗುತ್ತವೆ. ಇದರಿಂದ ಯಾವ ಹಾನಿಯೂ ಇಲ್ಲ. ಈ ಬಣ್ಣ ಮಾತ್ರೆ ನುಂಗಿದ ಮೇಲೆ ದಟ್ಟವಾಗಿದ್ದು ಮರುದಿನ ಬೆಳಗಿನ ಹೊತ್ತಿಗೆ ತಿಳಿಯಾಗುತ್ತಾ ಬರುತ್ತದೆ. ಕಾಮಾಲೆಯಲ್ಲಿ ಮೂತ್ರ ಗಾಢ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿ ದಿನವಿಡೀ ಹಾಗೆಯೇ ಇರುತ್ತದೆ.

ಆದರೂ ಮೂತ್ರವೊಂದನ್ನೇ ನಂಬಿ ಕೂರಬಾರದು. ಹಗಲಿನಲ್ಲಿ ಹೊರಗೆ ಬಂದು, ಕೆಳಗಿನ ರೆಪ್ಪೆಯನ್ನು ಸ್ವಲ್ಪ ಎಳೆದು ಕಣ್ಣಿನ ಬಿಳಿಭಾಗವನ್ನು ಮನೆಯವರಿಂದ ನೋಡಿಸಿಕೊಳ್ಳಿ; ಬಲ್ಬಿನ ಹಳದಿ ಬೆಳಕಿನಲ್ಲಿ ನೋಡಿದರೆ ಮೋಸಹೋಗುವ ಸಾಧ್ಯತೆಯಿದೆ. ಬಿಳಿಭಾಗ ಹಳದಿಯಾಗಿದ್ದರೆ ಅದು ಕಾಮಾಲೆ. ಆದರೆ ಕಣ್ಣು ಹಳದಿಯಾಗುವವರೆಗೆ ಕಾಯುವುದೂ ಸರಿಯಲ್ಲ. ಊಟ ನೋಡಿದರೆ ಓಕರಿಕೆ ಬರುವುದು, ಎರಡು ಮೂರು ದಿನ ಬಿಡದ ವಾಂತಿ, ಬಲಪಕ್ಕೆಯ ಕೆಳಗೆ ನೋವು, ಏಳಲಾಗದಷ್ಟು ಸುಸ್ತು, ಇವು ಕಾಮಾಲೆಗಿಂತ ಮೊದಲು ಬರುವ ಲಕ್ಷಣಗಳು. ಮಾತ್ರೆ ನುಂಗಿದ ಅರ್ಧ ಗಂಟೆಗೆ ಹೊಟ್ಟೆ ತೊಳೆಸಿ, ಮಧ್ಯಾಹ್ನದ ಹೊತ್ತಿಗೆ ಸರಿಹೋಗಿ, ಊಟ ಸೇರುವುದಾದರೆ ಅದು ಬಹುಮಟ್ಟಿಗೆ ಹೊಟ್ಟೆಯ ಕಿರಿಕಿರಿ ಮಾತ್ರ. ಲಘು ಆಹಾರದ ಜೊತೆ ಮಾತ್ರೆ ತೆಗೆದುಕೊಳ್ಳಲು ವೈದ್ಯರು ಹೇಳಬಹುದು. ದಿನವಿಡೀ ಇರುವ ಓಕರಿಕೆ ಬೇರೆಯ ವಿಷಯ. ಆಗ ಲಿವರ್ ಪರೀಕ್ಷೆ ಅಂದೇ ಆಗಬೇಕು.

ಲಿವರ್ ಕಿಣ್ವಗಳು ಮೊದಲ ವಾರಗಳಲ್ಲಿ ಸ್ವಲ್ಪ ಏರಿ ತಾವಾಗಿಯೇ ಇಳಿಯುವುದು ಸಾಮಾನ್ಯ. ಲಕ್ಷಣಗಳಿದ್ದು ಕಿಣ್ವದ ಮಟ್ಟ ಮಿತಿಯ ಮೂರು ಪಟ್ಟು ದಾಟಿದರೆ, ಲಕ್ಷಣಗಳಿಲ್ಲದಿದ್ದರೂ ಐದು ಪಟ್ಟು ದಾಟಿದರೆ ವೈದ್ಯರು ಪೈರಾಜಿನಮೈಡ್, ಐಸೋನಿಯಾಜಿಡ್, ರಿಫಾಂಪಿಸಿನ್ ಮೂರನ್ನೂ ನಿಲ್ಲಿಸುತ್ತಾರೆ. ಮಟ್ಟ ಇಳಿದ ಮೇಲೆ ಒಂದೊಂದನ್ನೇ ಅಂತರ ಬಿಟ್ಟು ಮತ್ತೆ ಸೇರಿಸಿ, ತೊಂದರೆ ಕೊಟ್ಟದ್ದು ಯಾವುದು ಎಂದು ಪತ್ತೆಹಚ್ಚುತ್ತಾರೆ.

ಕಾಮಾಲೆಗೆ ನಾಟಿ ಔಷಧಿ ತೆಗೆದುಕೊಳ್ಳುತ್ತಾ ಟಿಬಿ ಮಾತ್ರೆ ಮುಂದುವರಿಸಬಹುದೇ?

ದಯವಿಟ್ಟು ಬೇಡ. ನಮ್ಮ ಊರುಗಳಲ್ಲಿ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದೇ ನಾಟಿ ಔಷಧಿ, ಪಥ್ಯ. ವೈರಸ್ಸಿನಿಂದ ಬರುವ ಕಾಮಾಲೆ ಬಹಳಷ್ಟು ಸಲ ತಾನಾಗಿಯೇ ವಾಸಿಯಾಗುವುದರಿಂದ ಆ ನಂಬಿಕೆ ಗಟ್ಟಿಯಾಗಿ ಉಳಿದಿದೆ. ಆದರೆ ಟಿಬಿ ಮಾತ್ರೆಯಿಂದ ಬಂದ ಕಾಮಾಲೆಯಲ್ಲಿ ಕಾರಣವೇ ದಿನಾ ಬೆಳಿಗ್ಗೆ ಹೊಟ್ಟೆಗೆ ಹೋಗುತ್ತಿರುತ್ತದೆ. ಅದನ್ನು ನಿಲ್ಲಿಸದೆ ಮೇಲೊಂದು ಗೊತ್ತಿಲ್ಲದ ಮದ್ದು ಕುಡಿದರೆ ಯಕೃತ್ತು ಸಂಪೂರ್ಣ ಕೈಕೊಡಬಹುದು. ಕಣ್ಣು ಹಳದಿಯಾಗಿದ್ದರೆ ಆ ದಿನದ ಟಿಬಿ ಮಾತ್ರೆಯನ್ನು ತಡೆಹಿಡಿದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮದ್ಯವನ್ನೂ, ಜ್ವರಕ್ಕೆಂದು ಲೆಕ್ಕವಿಲ್ಲದೆ ನುಂಗುವ ಪ್ಯಾರಾಸಿಟಮಾಲನ್ನೂ ಬಿಡಬೇಕು.

ಎರಡು ತಿಂಗಳಾದ ಮೇಲೆ ಕುತ್ತಿಗೆಯ ಗಂಟು ಒಡೆದು ಕೀವು ಬರುತ್ತಿದೆ. ಔಷಧ ಹಿಡಿಯುತ್ತಿಲ್ಲವೇ?

ಈ ಪ್ರಶ್ನೆ ಬಹಳ ಜನರನ್ನು ಕಾಡುವುದರಿಂದ ಸ್ವಲ್ಪ ವಿವರವಾಗಿ ನೋಡೋಣ. ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳಿಗೆ ಕುತ್ತಿಗೆಯ ಎಡಭಾಗದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಇತ್ತು, ಸೂಜಿ ಹಾಕಿ ತೆಗೆದ ಮಾದರಿಯಲ್ಲಿ ಟಿಬಿ ಖಚಿತವಾಯಿತು ಎಂದಿಟ್ಟುಕೊಳ್ಳಿ. ಮೊದಲ ಆರು ವಾರಗಳಲ್ಲಿ ಸಂಜೆಯ ಜ್ವರ ನಿಂತು, ಹಸಿವು ಮರಳಿ, ತೂಕ ಎರಡು ಕೆಜಿ ಏರಿತು. ಒಂಬತ್ತನೇ ವಾರದಲ್ಲಿ ಗಂಟು ದಪ್ಪಗಾಗಿ, ಮೇಲಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ, ಒತ್ತಿದರೆ ಮೆತ್ತಗಾಗಿ, ಕೊನೆಗೆ ಒಡೆಯಿತು. ಆದರೆ ಅವಳು ಊಟ ಮಾಡುತ್ತಿದ್ದಾಳೆ, ತೂಕ ಇಳಿದಿಲ್ಲ, ಕೆಲಸಕ್ಕೆ ಹೋಗುತ್ತಿದ್ದಾಳೆ. ಇಡೀ ದೇಹ ಸುಧಾರಿಸುತ್ತಿದ್ದು ಒಂದು ಜಾಗ ಮಾತ್ರ ಕೆಡುವ ಈ ಚಿತ್ರ ಪ್ಯಾರಡಾಕ್ಸಿಕಲ್ ರಿಯಾಕ್ಷನ್ನಿಗೆ ಹೊಂದುತ್ತದೆ.

ಹೊಂದುತ್ತದೆ ಎಂದ ಮಾತ್ರಕ್ಕೆ ಸಾಬೀತಾದಂತಲ್ಲ. ಔಷಧಕ್ಕೆ ಬಗ್ಗದ ಟಿಬಿಯೂ ಇದೇ ರೀತಿ ಕಾಣಿಸಬಹುದು, ಮತ್ತು ಕುತ್ತಿಗೆಯ ಗಂಟಿಗೆ ಲಿಂಫೋಮಾದಂಥ (ದುಗ್ಧಗ್ರಂಥಿಗಳ ಕ್ಯಾನ್ಸರ್) ಬೇರೆ ಕಾಯಿಲೆಯೂ ಕಾರಣವಾಗಿರಬಹುದು. ಅದಕ್ಕಾಗಿ ಕೀವಿನ ಮಾದರಿಯನ್ನು ಕಲ್ಚರ್‌ಗೂ (ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಔಷಧ ನಿರೋಧಕತೆಯ ಪರೀಕ್ಷೆಗೂ ಕಳುಹಿಸಬೇಕು. ಸಿಬಿನಾಟ್ ಅಥವಾ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ಅಭಿವೃದ್ಧಿಪಡಿಸಿದ ಟ್ರೂನ್ಯಾಟ್ ಯಂತ್ರಗಳು ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುತ್ತವೆ; ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಅವು ಪತ್ತೆಮಾಡುವುದರಿಂದ, ಚಿಕಿತ್ಸೆಯ ನಡುವೆ ‘ಟಿಬಿ ಇದೆ’ ಎಂಬ ವರದಿ ಬಂದರೆ ಔಷಧ ಸೋತಿದೆ ಎಂದೇನೂ ಅರ್ಥವಲ್ಲ. ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬ ಸಾಲನ್ನು ನೋಡಬೇಕು, ಜೀವಂತ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂಬ ಕಲ್ಚರ್ ವರದಿಗೆ ಕಾಯಬೇಕು. ಪ್ಯಾರಡಾಕ್ಸಿಕಲ್ ರಿಯಾಕ್ಷನ್ ಎಂದು ಖಚಿತವಾದರೆ ಅವೇ ಮಾತ್ರೆಗಳು ಮುಂದುವರಿಯುತ್ತವೆ. ಬೇಕಾದರೆ ಕೀವನ್ನು ಸೂಜಿಯಿಂದ ತೆಗೆಯುತ್ತಾರೆ.

ಮೂರು ಸಾಧ್ಯತೆಗಳನ್ನು ವೈದ್ಯರು ಹೇಗೆ ಬೇರ್ಪಡಿಸುತ್ತಾರೆ?

ಅಡ್ಡಪರಿಣಾಮ, ತಾತ್ಕಾಲಿಕ ಉಲ್ಬಣ, ಚಿಕಿತ್ಸೆಯ ಸೋಲು ಎಂಬ ಮೂರನ್ನೂ ಎದುರಿಗಿಟ್ಟುಕೊಂಡು ಅವರು ಮೊದಲು ಕೇಳುವುದು ಸಮಯದ ಬಗ್ಗೆ. ಮಾತ್ರೆ ನುಂಗಿದ ಹೊತ್ತಿಗೂ ತೊಂದರೆಗೂ ದಿನನಿತ್ಯ ನಂಟಿದ್ದರೆ, ಅಥವಾ ಹೊಸ ಔಷಧ ಸೇರಿಸಿದ ಕೆಲವೇ ದಿನಗಳಲ್ಲಿ ಶುರುವಾಗಿದ್ದರೆ ಔಷಧದ ಮೇಲೆ ಅನುಮಾನ ಬರುತ್ತದೆ. ಮೊದಲು ಗುಣವಾಗಿ ನಂತರ ಹಳೆಯ ಜಾಗದಲ್ಲೇ ಕೆಟ್ಟಿದ್ದರೆ ಉಲ್ಬಣದ ಕಡೆಗೆ ಯೋಚಿಸುತ್ತಾರೆ. ಮೊದಲಿನಿಂದಲೂ ಗುಣವೇ ಕಾಣದೆ, ತೂಕ ಇಳಿಯುತ್ತಲೇ ಹೋಗಿ, ಎರಡು ತಿಂಗಳ ನಂತರವೂ ಕಫದಲ್ಲಿ ಟಿಬಿ ಬ್ಯಾಕ್ಟೀರಿಯಾ ಕಾಣುತ್ತಿದ್ದರೆ ನಿರೋಧಕತೆಯನ್ನು ಪರೀಕ್ಷಿಸಲೇಬೇಕು. ಇವುಗಳ ಜೊತೆಗೆ ಮಾತ್ರೆ ತಪ್ಪಿದೆಯೇ ಎಂಬ ಪ್ರಶ್ನೆಯೂ ಬರುತ್ತದೆ. ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಹೆದರಿ ‘ಒಂದೂ ತಪ್ಪಿಲ್ಲ’ ಎಂದುಬಿಟ್ಟರೆ ಇಡೀ ಲೆಕ್ಕಾಚಾರ ದಾರಿತಪ್ಪುತ್ತದೆ, ತಪ್ಪಿದ್ದರೆ ಹೇಳಿಬಿಡಿ.

ಜ್ವರ ಮಾತ್ರ ಬಂದಿದ್ದರೆ?

ಜ್ವರದಿಂದಲೇ ತೀರ್ಮಾನಿಸುವುದು ಎಲ್ಲಕ್ಕಿಂತ ಕಷ್ಟ. ಟಿಬಿಯ ಜ್ವರ ಹೆಚ್ಚಿನವರಲ್ಲಿ ಎರಡು ವಾರಗಳಲ್ಲಿ ಇಳಿಯುತ್ತದೆ, ಕಾಯಿಲೆ ಹೆಚ್ಚು ಹರಡಿದ್ದವರಲ್ಲಿ ಇನ್ನೂ ತಡವಾಗುತ್ತದೆ. ಔಷಧದಿಂದ ಬರುವ ಜ್ವರದಲ್ಲಿ ಥರ್ಮಾಮೀಟರ್ ತೋರಿಸುವಷ್ಟು ರೋಗಿ ಬಳಲಿರುವುದಿಲ್ಲ, ಕೆಲವೊಮ್ಮೆ ಜೊತೆಗೆ ಮೈಮೇಲೆ ದದ್ದು ಇರುತ್ತದೆ, ಔಷಧ ನಿಲ್ಲಿಸಿದ ಕೆಲ ದಿನಗಳಲ್ಲಿ ಇಳಿಯುತ್ತದೆ. ಆದರೆ ನಮ್ಮಲ್ಲಿ ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ, ಟೈಫಾಯ್ಡ್ ಕೂಡ ಟಿಬಿ ರೋಗಿಗೇ ಬರಬಹುದೆಂಬುದನ್ನು ಮರೆಯಬಾರದು.

ಎರಡು ದಿನ ಮಾತ್ರೆ ಬಿಟ್ಟು ನೋಡಿ, ಸರಿಹೋದರೆ ಮತ್ತೆ ಶುರುಮಾಡಬಹುದೇ?

ನೀವಾಗಿಯೇ ಮಾಡಬೇಡಿ. ಬಿಟ್ಟು ಬಿಟ್ಟು ನುಂಗಿದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುವುದು ಎಲ್ಲರಿಗೂ ಗೊತ್ತಿರುವ ಅಪಾಯ. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಇದೆ: ರಿಫಾಂಪಿಸಿನ್ ನಿಲ್ಲಿಸಿ ಕೆಲಕಾಲದ ನಂತರ ಮತ್ತೆ ಶುರುಮಾಡಿದಾಗ ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಸಿ, ಚಳಿಜ್ವರ, ಪ್ಲೇಟ್‌ಲೆಟ್ ಕುಸಿತ, ಅಪರೂಪಕ್ಕೆ ಮೂತ್ರಪಿಂಡದ ವೈಫಲ್ಯವೂ ಆಗುತ್ತದೆ. ಅಂದರೆ ‘ಸುಮ್ಮನೆ ಬಿಟ್ಟು ನೋಡುವುದು’ ತಾನೇ ಒಂದು ಹೊಸ ಅಡ್ಡಪರಿಣಾಮವನ್ನು ಹುಟ್ಟಿಸಬಲ್ಲದು.

ಕಣ್ಣು ಹಳದಿಯಾದಾಗ, ದೃಷ್ಟಿ ಮಸುಕಾದಾಗ, ಮೈಯೆಲ್ಲ ದದ್ದು ಎದ್ದು ಬಾಯಿ ಅಥವಾ ಗುಪ್ತಾಂಗದ ಒಳಪದರದಲ್ಲಿ ಹುಣ್ಣಾದಾಗ, ಮುಖ ಊದಿ ಉಸಿರು ಕಟ್ಟಿದಾಗ, ಏಟು ಬೀಳದಿದ್ದರೂ ಚರ್ಮದ ಕೆಳಗೆ ರಕ್ತದ ಕಲೆಗಳು ಮೂಡಿದಾಗ ಮಾತ್ರ ಮುಂದಿನ ಮಾತ್ರೆಗೆ ತಡೆಹಾಕಿ, ಹೊತ್ತು ಗೊತ್ತು ನೋಡದೆ ಆಸ್ಪತ್ರೆಗೆ ಹೊರಡಬೇಕು. ಇವುಗಳಲ್ಲಿ ಯಾವುದನ್ನೂ ‘ರೋಗ ಹೊರಗೆ ಹೋಗುತ್ತಿದೆ’ ಎಂದು ವಿವರಿಸಲು ಬರುವುದಿಲ್ಲ. ಹಾಗೆಯೇ ತೀವ್ರ ತಲೆನೋವು, ವಾಂತಿ, ಮಂಪರು, ಫಿಟ್ಸ್ ಬಂದರೆ ತಡಮಾಡಬಾರದು. ಮಿದುಳಿನಲ್ಲಿರುವ ಟಿಬಿ ಗಡ್ಡೆಗಳೂ ಚಿಕಿತ್ಸೆಯ ನಡುವೆ ಉಲ್ಬಣಿಸಬಲ್ಲವು, ಅಲ್ಲಿ ಊದಿಕೊಳ್ಳಲು ಜಾಗವಿಲ್ಲ.

ಎಚ್‌ಐವಿ ಔಷಧವೂ ಶುರುವಾಗಿದ್ದರೆ?

ಆಗ ಉಲ್ಬಣದ ಸಾಧ್ಯತೆ ಹೆಚ್ಚು. ಎಆರ್‌ಟಿ ಎಂಬ ಎಚ್‌ಐವಿ ಔಷಧದಿಂದ ರೋಗನಿರೋಧಕ ಶಕ್ತಿ ವೇಗವಾಗಿ ಮರಳುವುದರಿಂದ, ಅದರಲ್ಲೂ ಸಿಡಿ4 (ರೋಗನಿರೋಧಕ ಬಿಳಿ ರಕ್ತಕಣಗಳ) ಸಂಖ್ಯೆ ಬಹಳ ಕಡಿಮೆಯಿದ್ದವರಲ್ಲಿ, ಶುರುಮಾಡಿದ ಮೊದಲ ಮೂರು ತಿಂಗಳೊಳಗೆ ಟಿಬಿಯ ಲಕ್ಷಣಗಳು ಹೊತ್ತಿಕೊಳ್ಳಬಹುದು. ಎಆರ್‌ಟಿ ಕೇಂದ್ರಕ್ಕೂ ಟಿಬಿ ವಿಭಾಗಕ್ಕೂ ಎರಡೂ ಕಡೆಯ ಔಷಧಗಳ ಪಟ್ಟಿ ತಿಳಿದಿರಬೇಕು.

ಉಲ್ಬಣಕ್ಕೆ ಸ್ಟಿರಾಯ್ಡ್ ಬರೆದಿದ್ದಾರೆ. ಅದರಿಂದ ಟಿಬಿ ಹೆಚ್ಚಾಗುವುದಿಲ್ಲವೇ?

ಟಿಬಿ ಮಾತ್ರೆಗಳ ರಕ್ಷಣೆಯಿಲ್ಲದೆ ಸ್ಟಿರಾಯ್ಡ್ ತೆಗೆದುಕೊಂಡರೆ ಹೆಚ್ಚಾಗುತ್ತದೆ. ಅವುಗಳ ಜೊತೆಯಲ್ಲಿ, ವೈದ್ಯರ ನಿಗಾದಲ್ಲಿ ಕೊಟ್ಟಾಗ ಅದು ಅತಿಯಾದ ಪ್ರತಿಕ್ರಿಯೆಯನ್ನು ಮಾತ್ರ ತಗ್ಗಿಸುತ್ತದೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ. ರಿಫಾಂಪಿಸಿನ್ ಸ್ಟಿರಾಯ್ಡ್ ಅನ್ನು ದೇಹದಿಂದ ಬೇಗ ಖಾಲಿಮಾಡುವುದರಿಂದ ಪ್ರಮಾಣ ಹೆಚ್ಚೆಂದು ಕಾಣಬಹುದು, ಅದಕ್ಕೆ ಗಾಬರಿ ಬೇಡ. ಸಕ್ಕರೆ ಕಾಯಿಲೆಯವರು ಸಕ್ಕರೆಯ ಮಟ್ಟವನ್ನು ಆಗಾಗ ನೋಡಿಸಿಕೊಳ್ಳಬೇಕು, ಮತ್ತು ಯಾರೂ ಅದನ್ನು ಒಮ್ಮೆಲೇ ನಿಲ್ಲಿಸಬಾರದು.

ಬೇರೆ ಸೋಂಕುಗಳಲ್ಲೂ ಹೀಗಾಗುತ್ತದೆಯೇ?

ಆಗುತ್ತದೆ, ಆದರೆ ಕಾಲಮಾನ ಬೇರೆ. ಸಿಫಿಲಿಸ್‌ಗೆ ಪೆನಿಸಿಲಿನ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಚಳಿ, ಜ್ವರ, ಮೈಕೈ ನೋವು ಬಂದು, ದದ್ದು ಕೆಂಪೇರಿ, ಸುಮಾರು ಒಂದು ದಿನದೊಳಗೆ ಎಲ್ಲವೂ ಶಾಂತವಾಗುವುದನ್ನು ಯಾರಿಶ್ ಮತ್ತು ಹರ್ಕ್ಸ್‌ಹೈಮರ್ ಎಂಬ ಚರ್ಮರೋಗ ತಜ್ಞರ ಹೆಸರಿನಿಂದ ಕರೆಯುತ್ತಾರೆ. ಪೆನಿಸಿಲಿನ್ ಬರುವ ಮೊದಲೇ, ಪಾದರಸದ ಚಿಕಿತ್ಸೆಯ ಕಾಲದಲ್ಲಿ, ಅವರು ಇದನ್ನು ಗಮನಿಸಿದ್ದರು. ಕರಾವಳಿಯ ಜಿಲ್ಲೆಗಳಲ್ಲಿ ಮಳೆಗಾಲದ ಇಲಿಜ್ವರಕ್ಕೆ ಚಿಕಿತ್ಸೆ ಕೊಟ್ಟಾಗಲೂ ಇದು ಕಾಣಬಹುದು. ಪೆನಿಸಿಲಿನ್ ಅಲರ್ಜಿ ಇದಕ್ಕಿಂತ ವೇಗದ್ದು: ಚುಚ್ಚುಮದ್ದು ಕೊಟ್ಟ ನಿಮಿಷಗಳಲ್ಲಿ ಮೈ ತುರಿಸುವ ಗಂಧೆ, ಗಂಟಲು ಬಿಗಿತ, ರಕ್ತದೊತ್ತಡ ಕುಸಿತ. ಅದಕ್ಕೆ ಅಡ್ರಿನಲಿನ್ ಚುಚ್ಚುಮದ್ದು ತಕ್ಷಣ ಬೇಕು.

ಕುಷ್ಠರೋಗದಲ್ಲಿ ಬಹುಔಷಧ ಚಿಕಿತ್ಸೆಯ ನಡುವೆ, ಕೆಲವೊಮ್ಮೆ ಮುಗಿದ ಮೇಲೂ, ಮಚ್ಚೆಗಳು ಕೆಂಪಾಗಿ ಊದಿ, ಮೊಣಕೈ ನರ ನೋಯಲು ಶುರುವಾಗಬಹುದು. ಇದು ಔಷಧದ ದೋಷವಲ್ಲ, ಆದರೆ ಸುಮ್ಮನೆ ಸಹಿಸಿಕೊಳ್ಳುವಂಥದ್ದೂ ಅಲ್ಲ. ವಾರಗಳೊಳಗೆ ಸ್ಟಿರಾಯ್ಡ್ ಸಿಗದಿದ್ದರೆ ಕೈಬೆರಳು ಶಾಶ್ವತವಾಗಿ ಮಡಚಿಕೊಳ್ಳಬಹುದು. ತಾತ್ಕಾಲಿಕ ಉಲ್ಬಣ ಎಂದರೆ ನಿರಪಾಯ ಎಂದರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಹೆಚ್ಚು ನರಳಿದಷ್ಟೂ ಕ್ರಿಮಿಗಳು ಹೆಚ್ಚು ಸಾಯುತ್ತಿವೆ ಎನ್ನುತ್ತಾರಲ್ಲ?

ಇದು ತಪ್ಪು, ಅಪಾಯಕಾರಿ ತಪ್ಪು. ನೋವಿನ ಪ್ರಮಾಣ ಗುಣದ ಅಳತೆಯಲ್ಲ. ಯಾವ ತೊಂದರೆಯೂ ಇಲ್ಲದೆ ಆರು ತಿಂಗಳು ಮುಗಿಸಿ ಪೂರ್ತಿ ಗುಣವಾದವರೇ ಹೆಚ್ಚು. ವಾರಗಟ್ಟಲೆ ಮುಂದುವರಿಯುವ ನರಳಾಟವನ್ನು ಶುಭಸೂಚನೆ ಎಂದು ಯಾರಾದರೂ ಹೇಳಿದರೆ, ಅವರ ಮಾತು ಕೇಳುವ ಬದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಆಸ್ಪತ್ರೆಗೆ ಹೋಗುವಾಗ ಏನು ಜೊತೆಗಿರಬೇಕು?

ಚಿಕಿತ್ಸೆಯ ಕಾರ್ಡ್, ಖಾಲಿ ಸ್ಟ್ರಿಪ್ ಸಹಿತ ಎಲ್ಲ ಮಾತ್ರೆಗಳು (ಸಕ್ಕರೆ ಕಾಯಿಲೆ, ಬಿಪಿ, ಗರ್ಭನಿರೋಧಕ ಮಾತ್ರೆಗಳೂ ಸೇರಿ, ಏಕೆಂದರೆ ರಿಫಾಂಪಿಸಿನ್ ಇವುಗಳಲ್ಲಿ ಹಲವನ್ನು ದುರ್ಬಲಗೊಳಿಸುತ್ತದೆ), ಮತ್ತು ತೊಂದರೆ ಯಾವ ತಾರೀಖು ಶುರುವಾಯಿತು, ಅದಕ್ಕೂ ಮೊದಲು ಗುಣ ಕಂಡಿತ್ತೇ, ಪ್ರತಿ ತಿಂಗಳ ತೂಕವೆಷ್ಟು ಎಂದು ಬರೆದ ಒಂದು ಹಾಳೆ. ಗಂಟು ಇದ್ದರೆ ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ತೆಗೆದ ಮೊಬೈಲ್ ಫೋಟೋಗಳು ಬಹಳ ಉಪಯೋಗಕ್ಕೆ ಬರುತ್ತವೆ. ಹತ್ತಿರದಲ್ಲಿ ಕೇಳುವವರಿಲ್ಲದಿದ್ದರೆ ನಿಕ್ಷಯ್ ಸಂಪರ್ಕ ಸಹಾಯವಾಣಿ 1800-11-6666ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಆರು ತಿಂಗಳು ಮುಗಿದರೂ ಗಂಟು ಕೈಗೆ ಸಿಗುತ್ತದೆ. ಇನ್ನೂ ಟಿಬಿ ಉಳಿದಿದೆಯೇ?

ಉಳಿದಿರಲೇಬೇಕೆಂದಿಲ್ಲ. ಗುಣವಾದ ಗಂಟು ಕಲೆಗಟ್ಟಿ ಸಣ್ಣದಾಗಿ ಹಾಗೆಯೇ ಉಳಿಯುವುದುಂಟು, ಮತ್ತು ಚಿಕಿತ್ಸೆ ಮುಗಿದ ಮೇಲೂ ಪ್ಯಾರಡಾಕ್ಸಿಕಲ್ ಊತ ಬರುವುದುಂಟು. ಗಾತ್ರ ಹೆಚ್ಚದೆ, ನೋವಿಲ್ಲದೆ, ತೂಕ ಮತ್ತು ಹಸಿವು ಸರಿಯಿದ್ದರೆ ವೈದ್ಯರು ಸಾಮಾನ್ಯವಾಗಿ ಹೊಸ ಔಷಧ ಕೊಡದೆ ಗಮನಿಸುತ್ತಾರೆ. ಬೆಳೆಯುತ್ತಿದ್ದರೆ ಅಥವಾ ಜ್ವರ, ತೂಕ ಇಳಿಕೆ ಜೊತೆಗೂಡಿದರೆ ಮತ್ತೆ ಸೂಜಿ ಹಾಕಿ ಮಾದರಿ ತೆಗೆದು, ಈ ಸಲ ಕಲ್ಚರ್ ವರದಿ ಕೈಗೆ ಬಂದ ಮೇಲೆಯೇ ಮುಂದಿನದನ್ನು ನಿರ್ಧರಿಸುತ್ತಾರೆ.